ಹೊಸ ಡಿಸ್ಪ್ಲೇ ಇ10 ತೋರಿಸುತ್ತಿದೆ, ಬ್ಯಾಟರಿ ಆಪ್ ಮನೆಯಲ್ಲಿ ಮಾತ್ರ ಕನೆಕ್ಟ್ ಆಗುತ್ತಿಲ್ಲ

ರೊಟ್ಟಿಮನೆ ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿ, ಮೆಸ್‌ಗಳಿಗೆ ಕೊಡುತ್ತೇನೆ. ಜೇವರ್ಗಿ ರಸ್ತೆ ಕಡೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಶರಣಬಸವೇಶ್ವರ ಗುಡಿ ಕಡೆ, ಮತ್ತೆ ಮನೆ. ಮೊದಲು ಆಟೋ ಬಾಡಿಗೆಗೇ ಲಾಭ ಎಲ್ಲ ಹೋಗುತ್ತಿತ್ತು. ಅದಕ್ಕೆ ನಮ್ಮ 26 ಇಂಚಿನ ಸೈಕಲ್‌ಗೆ ಹಬ್ ಮೋಟಾರ್ ಕಿಟ್ ಹಾಕಿಸಿದೆ. ಮೋಟಾರ್ 250 ವ್ಯಾಟ್. ಬ್ಯಾಟರಿ 36 ವೋಲ್ಟ್, 10 ಎಎಚ್, ಲಿಥಿಯಂ. ಒಳಗೆ ಬ್ಲೂಟೂತ್ ಇರುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇದೆ ಅಂತ ಅಂಗಡಿಯವರು ಹೇಳಿದ್ದರು, ಆಪ್ ಕೂಡ ಹಾಕಿಕೊಟ್ಟಿದ್ದರು. ಈ ಬಂಡಿ ನಿಂತರೆ ನನ್ನ ಕೆಲಸವೇ ನಿಲ್ಲುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈಗ ತೊಂದರೆ ಏನೆಂದರೆ, ಹಳೆಯ ಡಿಸ್ಪ್ಲೇ ಒಳಗೆ ನೀರು ಹೋಗಿ ಸತ್ತುಹೋಯಿತು. ಬೇರೆ ಅಂಗಡಿಯಲ್ಲಿ ಹೊಸದು ಕೊಟ್ಟರು. ಎಸ್866 ಅಂತ ಬರೆದಿದೆ. "ಪಿನ್ ಕೂಡಿದರೆ ಸಾಕು, ಓಡುತ್ತದೆ" ಎಂದರು. ಹಸಿರು ಬಣ್ಣದ ಐದು ಪಿನ್ನಿನ ಕನೆಕ್ಟರ್ ಸರಿಯಾಗಿ ಕೂಡಿತು. ಡಿಸ್ಪ್ಲೇ ಆನ್ ಆಗುತ್ತದೆ, ಬೆಳಕೂ ಬರುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಇ10 ಅಂತ ಮಿನುಗುತ್ತದೆ, ಥ್ರಾಟಲ್ ತಿರುಗಿಸಿದರೆ ಮೋಟಾರ್ ತಿರುಗುವುದಿಲ್ಲ. ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಹೋಗಿದೆ, ಅದನ್ನೂ ಹೊಸದು ಹಾಕಿಸಿ ಅಂತ ಅಂಗಡಿಯವರು ಅನ್ನುತ್ತಿದ್ದಾರೆ. ನಿಜವಾಗಿ ಹೋಗಿದೆಯಾ?

ಎರಡನೆಯದು ಆಪ್. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಬ್ಯಾಟರಿ ಎಂದೂ ಕಾಣುವುದಿಲ್ಲ. ಆಪ್ ತೆರೆದರೆ ಮೆಸ್ ಹತ್ತಿರ ಇದ್ದಾಗ ಸಿಗುತ್ತದೆ, ಮನೆಗೆ ಬಂದರೆ ಸಿಗುವುದಿಲ್ಲ. ಅದೇ ಫೋನು, ಅದೇ ಬ್ಯಾಟರಿ.

ಇನ್ನೊಂದು ಮಾತು. ಮಧ್ಯಾಹ್ನ ಬಂದ ಕೂಡಲೇ ಚಾರ್ಜಿಗೆ ಹಚ್ಚಿದರೆ ಚಾರ್ಜರ್ ಮೇಲಿನ ಕೆಂಪು ದೀಪ ಹಸಿರಾಗಿಬಿಡುತ್ತದೆ. ಬ್ಯಾಟರಿ ಮಾತ್ರ ತುಂಬಿರುವುದಿಲ್ಲ. ರಾತ್ರಿ ಹಚ್ಚಿದರೆ ತುಂಬುತ್ತದೆ. ಚಾರ್ಜರ್ ಬದಲಿಸಬೇಕಾ?

ಬೀದರ್ ವೈಂಡಿಂಗ್:

ಅಕ್ಕಾರೆ, ಯಾವುದನ್ನೂ ಕೊಳ್ಳಬೇಡಿ. ಮೊದಲು ನೋಡೋಣ.

ನಾನು ಬೀದರ್‌ನಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಪಂಪ್‌ಸೆಟ್ ಮೋಟಾರ್ ನನ್ನ ಮೂಲ ಕಸುಬು. ಈಗ ಕಂಟ್ರೋಲರ್, ಬ್ಯಾಟರಿ ಕೂಡ ಬರುತ್ತವೆ. ಇ10 ಅಂದರೆ ನಿಮ್ಮ ಡಿಸ್ಪ್ಲೇಗೆ ಕಂಟ್ರೋಲರ್ ಕಡೆಯಿಂದ ಉತ್ತರ ಬರುತ್ತಿಲ್ಲ ಅಂತ. ಕಂಟ್ರೋಲರ್ ಸತ್ತಿದೆ ಅಂತಲೇ ಅರ್ಥ ಅಲ್ಲ. ಆ ಐದು ತಂತಿಯಲ್ಲಿ ಮೂರು ಕರೆಂಟಿನವು: ಬ್ಯಾಟರಿಯ ಪಾಸಿಟಿವ್, ನೆಗೆಟಿವ್, ಮತ್ತೊಂದು ಕಂಟ್ರೋಲರ್ ಅನ್ನು ಎಬ್ಬಿಸುವ ತಂತಿ. ಉಳಿದ ಎರಡು ಡಾಟಾ ತಂತಿ, ಒಂದು ಕಳಿಸಲಿಕ್ಕೆ, ಇನ್ನೊಂದು ತಗೊಳ್ಳಲಿಕ್ಕೆ. ಕರೆಂಟ್ ಬಂದರೆ ಡಿಸ್ಪ್ಲೇ ಬೆಳಗುತ್ತದೆ. ಆದರೆ ಡಾಟಾ ತಂತಿಯ ಮೇಲೆ ಕಂಪನಿ ಕಂಪನಿಗೂ ಬೇರೆ ಪ್ರೋಟೋಕಾಲ್, ಅಂದರೆ ಮಾತಾಡುವ ಭಾಷೆಯೇ ಬೇರೆ. ಕನೆಕ್ಟರ್ ಒಂದೇ ಇದ್ದರೂ ಪ್ರೋಟೋಕಾಲ್ ಒಂದೇ ಇರಬೇಕೆಂದಿಲ್ಲ. ಪಿನ್ ಕೂಡಿದರೆ ಸಾಕು ಅನ್ನುವ ಮಾತು ಅಲ್ಲಿಗೇ ಬೀಳುತ್ತದೆ.

ಸೀಟಿನ ಕೆಳಗೆ ಅಥವಾ ಬ್ಯಾಟರಿ ತಳದಲ್ಲಿ ಅಲ್ಯೂಮಿನಿಯಂ ಡಬ್ಬಿ ಇರುತ್ತದೆ, ಅದೇ ಕಂಟ್ರೋಲರ್. ಅದರ ಚೀಟಿ ಮೇಲೆ ಏನು ಬರೆದಿದೆ ನೋಡಿ ಹೇಳಿ. ಕೆಟಿ ಅಂತ ಶುರುವಾದರೆ ನಿಮ್ಮ ಉತ್ತರ ಸಿಕ್ಕಂತೆಯೇ, ಆ ಗುರುತಿನ ಕಂಟ್ರೋಲರ್‌ಗೆ ಕೆಟಿ ಡಿಸ್ಪ್ಲೇಯೇ ಬೇಕು.

ಆಪ್ ವಿಷಯ. ಈ ಬ್ಯಾಟರಿಗಳಲ್ಲಿ ಇರುವುದು ಬಿಎಲ್‌ಇ, ಕಡಿಮೆ ಕರೆಂಟಿನ ಬ್ಲೂಟೂತ್. ಇಯರ್‌ಫೋನ್ ಹಾಗೆ ಫೋನಿನ ಸೆಟ್ಟಿಂಗ್‌ನಲ್ಲಿ ಪೇರ್ ಮಾಡುವುದಲ್ಲ. ಅಲ್ಲಿ ಹುಡುಕುವುದೇ ಬೇಡ. ನೇರ ಆಪ್ ಒಳಗಿನಿಂದಲೇ ಹಿಡಿಯಬೇಕು. ಆಂಡ್ರಾಯ್ಡ್ 11ರವರೆಗಿನ ಫೋನ್ ಆದರೆ ಲೊಕೇಶನ್ ಆನ್ ಇರಬೇಕು, ಆಪ್‌ಗೆ ಅದರ ಅನುಮತಿಯೂ ಬೇಕು. 12ರಿಂದ ಈಚೆಗೆ ನಿಯರ್‌ಬೈ ಡಿವೈಸಸ್ ಅನ್ನುವ ಅನುಮತಿ ಬಂದಿದೆ, ಆದರೂ ಹಳೆಯ ಆಪ್‌ಗಳು ಲೊಕೇಶನ್ ಕೇಳುತ್ತವೆ. ಆದರೆ ನಿಮಗೆ ಮೆಸ್ ಹತ್ತಿರ ಸಿಗುತ್ತಿದೆಯಲ್ಲ, ಹಾಗಾಗಿ ಅನುಮತಿ ಸರಿ ಇದೆ. ಒಂದು ಕೇಳುತ್ತೇನೆ: ಮನೆಯಲ್ಲಿ ಬೇರೆ ಯಾರದಾದರೂ ಫೋನಿನಲ್ಲಿ ಆ ಆಪ್ ಇದೆಯಾ?

ಚಾರ್ಜ್ ಬಗ್ಗೆ: ಎಲ್ಲಿ ಇಟ್ಟು ಚಾರ್ಜ್ ಮಾಡುತ್ತೀರಿ? ಆಪ್‌ನಲ್ಲಿ ಆ ಹೊತ್ತಿಗೆ ಟೆಂಪರೇಚರ್ ಎಷ್ಟು ತೋರಿಸುತ್ತದೆ?

ಶಹಾಪುರ ಸವಾರಿ:

ನನಗೂ ಹೀಗೇ ಆಗಿತ್ತು. ಅದು ಹೀಟ್ ಪ್ರೊಟೆಕ್ಷನ್. ಆಪ್‌ನಲ್ಲಿ ಪ್ಯಾರಾಮೀಟರ್ ಪೇಜಿಗೆ ಹೋಗಿ ಚಾರ್ಜ್ ಟೆಂಪರೇಚರ್ ಲಿಮಿಟ್ ಹೆಚ್ಚಿಸಿಬಿಡಿ. 65 ಹಾಕಿ. ಆಮೇಲೆ ಮಧ್ಯಾಹ್ನ ಕೂಡ ಚಾರ್ಜ್ ಆಗುತ್ತದೆ. ಯಾದಗಿರಿ ಬಿಸಿಲಿಗೆ ಬೇರೆ ದಾರಿ ಇಲ್ಲ ಗುರು.

ಬೀದರ್ ವೈಂಡಿಂಗ್:

ತಮ್ಮಾ, ಇದನ್ನು ಮಾಡಬೇಡ, ಬೇರೆಯವರಿಗೂ ಹೇಳಬೇಡ. ಕೋಪ ಮಾಡಿಕೊಳ್ಳಬೇಡ, ಸ್ವಲ್ಪ ಕೇಳು.

ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ತಯಾರಿಸುವವರು ಚಾರ್ಜ್ ಮಾಡಲು ಕೊಡುವ ಮಿತಿ 0ರಿಂದ 45 ಡಿಗ್ರಿ. ಓಡಿಸುವಾಗ 60ರವರೆಗೆ ಬಿಡುತ್ತಾರೆ. ಎರಡೂ ಒಂದೇ ಅಲ್ಲ. ಬಿಸಿ ಸೆಲ್‌ಗೆ ಕರೆಂಟ್ ತುಂಬಿದರೆ ಒಳಗಿನ ರಾಸಾಯನಿಕ ಬೇಗ ಹಾಳಾಗುತ್ತದೆ, ಗ್ಯಾಸ್ ಹುಟ್ಟುತ್ತದೆ, ಸೆಲ್ ಉಬ್ಬುತ್ತದೆ. ಅದರಲ್ಲೊಂದು ಸೆಲ್ ಮೊದಲೇ ದುರ್ಬಲ ಇದ್ದರೆ ಬೆಂಕಿಗೂ ದಾರಿ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಆಗುತ್ತದೆ. ಬಿಸಿಲಲ್ಲಿ ಓಡಿ ಬಂದ ಬ್ಯಾಟರಿಯ ಒಳಗೆ ಅದಕ್ಕಿಂತ ಜಾಸ್ತಿ. ಮೇಲಿನ ಡಬ್ಬಿ ಮುಟ್ಟಿ ನೋಡಿ ತಣ್ಣಗಿದೆ ಅಂದುಕೊಳ್ಳಬೇಡಿ, ನಡುವಿನ ಸೆಲ್‌ಗಳು ಆರಲು ಬಹಳ ಹೊತ್ತು ಬೇಕು. ಬಿಎಂಎಸ್ ಚಾರ್ಜ್ ನಿಲ್ಲಿಸಿದರೆ ಅದು ತನ್ನ ಕೆಲಸ ಮಾಡಿತು ಅಂತ ತಿಳಿಯಬೇಕು. ಕರೆಂಟ್ ಹರಿಯುವುದು ನಿಂತರೆ ಚಾರ್ಜರ್‌ಗೆ ತುಂಬಿತು ಅನಿಸುತ್ತದೆ, ದೀಪ ಹಸಿರಾಗುತ್ತದೆ. ಚಾರ್ಜರ್ ತಪ್ಪಿಲ್ಲ.

ನಿನ್ನ ಬ್ಯಾಟರಿಯಲ್ಲಿ 65 ಹಾಕಿದ್ದರೆ ಇವತ್ತೇ ಹಿಂದಕ್ಕೆ ಇಳಿಸು. ಮಲಗುವ ಕೋಣೆಯಲ್ಲಿ ಇಟ್ಟು ಚಾರ್ಜ್ ಮಾಡುತ್ತಿದ್ದರಂತೂ ಈಗಲೇ ಹೊರಗೆ ತಾ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ.

ಶಹಾಪುರ ಸವಾರಿ:

ಸರಿ ಅಣ್ಣಾ. ಓಡಿಸುವುದಕ್ಕೂ ಚಾರ್ಜ್ ಮಾಡುವುದಕ್ಕೂ ಬೇರೆ ಬೇರೆ ಮಿತಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಹಿಂದಿನ ನಂಬರ್ ಎಷ್ಟಿತ್ತು ನೆನಪಿಲ್ಲ. 45 ಹಾಕಲಾ?

ಬೀದರ್ ವೈಂಡಿಂಗ್:

ಹಾಕು. ನಿಂತ ಚಾರ್ಜ್ ಮತ್ತೆ ಶುರುವಾಗುವ ನಂಬರ್ ಬೇರೆ ಇರುತ್ತದೆ, ಅದನ್ನು 40ರ ಹತ್ತಿರ ಇಡು. ಎರಡೂ ಒಂದೇ ಇಟ್ಟರೆ ಚಾರ್ಜ್ ಆನ್ ಆಫ್ ಆನ್ ಆಫ್ ಆಗುತ್ತಲೇ ಇರುತ್ತದೆ.

ರೊಟ್ಟಿಮನೆ ಕಲಬುರಗಿ:

ಅಣ್ಣಾರೆ, ನೋಡಿದೆ. ಕಂಟ್ರೋಲರ್ ಚೀಟಿ ಅರ್ಧ ಮಾಸಿದೆ, ಆದರೆ ಕೆಟಿ36 ಅಂತ ಶುರುವಾಗುವುದು ಸ್ಪಷ್ಟ ಕಾಣುತ್ತದೆ.

ಆಪ್ ನನ್ನ ತಮ್ಮನ ಫೋನಿನಲ್ಲೂ ಇದೆ. ಕಿಟ್ ಹಾಕಿಸುವಾಗ ಅವನೇ ಹೋಗಿದ್ದು, ಅಂಗಡಿಯವರು ಮೊದಲು ಅವನ ಫೋನಿಗೇ ಹಾಕಿಕೊಟ್ಟಿದ್ದರು. ಅವನು ಮನೆಯಲ್ಲೇ ಕುಳಿತು ಓದುತ್ತಾನೆ. ಅವನ ಫೋನಿನಲ್ಲಿ ಆಪ್ ಪೂರ್ತಿ ಮುಚ್ಚಿಸಿದೆ, ತಕ್ಷಣ ನನ್ನ ಫೋನಿಗೆ ಬ್ಯಾಟರಿ ಸಿಕ್ಕಿತು!

ಚಾರ್ಜಿಂಗ್ ರೊಟ್ಟಿ ಬಡಿಯುವ ಕೋಣೆಯಲ್ಲಿ. ಪ್ಲಗ್ ಅಲ್ಲಿಯೇ ಇರುವುದು. ಒಲೆ ಆರಿದ್ದರೂ ಕೋಣೆ ಕಾದೇ ಇರುತ್ತದೆ, ಮೇಲೆ ಪತ್ರಾಸ್. ಆಪ್‌ನಲ್ಲಿ 51 ಡಿಗ್ರಿ ತೋರಿಸಿತು, ಚಾರ್ಜ್ ಅನ್ನುವ ಗುರುತು ಆಫ್ ಆಗಿತ್ತು. ಡಿಸ್ಚಾರ್ಜ್ (ಬ್ಯಾಟರಿಯಿಂದ ಕರೆಂಟ್ ಹೊರಗೆ ಹೋಗುವುದು) ಆನ್ ಇತ್ತು.

ಬೀದರ್ ವೈಂಡಿಂಗ್:

ಎಲ್ಲ ಸ್ಪಷ್ಟ ಆಯಿತು. ಈ ಬಿಎಂಎಸ್‌ಗಳ ಬ್ಲೂಟೂತ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಫೋನ್ ಹಿಡಿಯುತ್ತದೆ. ಒಬ್ಬರು ಹಿಡಿದರೆ ಇನ್ನೊಬ್ಬರಿಗೆ ಹೆಸರು ಕೂಡ ಕಾಣುವುದಿಲ್ಲ. ತಮ್ಮನ ಆಪ್ ಹಿಂದೆಯೇ ಓಡುತ್ತಾ ಇತ್ತು, ನೀವು ಮನೆಗೆ ಬಂದ ಕೂಡಲೇ ಅದು ಹಿಡಿದುಕೊಳ್ಳುತ್ತಿತ್ತು. ಒಂದು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಿ.

ಚಾರ್ಜಿಗೆ ಆ ಕೋಣೆ ಬೇಡವೇ ಬೇಡ. ಎಕ್ಸ್‌ಟೆನ್ಶನ್ ಎಳೆದು ಪಡಸಾಲೆಗೆ ತನ್ನಿ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದರ ಮೇಲೆ ಇಡಿ, ಹಾಸಿಗೆ, ಚೀಲ ಹತ್ತಿರ ಇರಬಾರದು. ಮಧ್ಯಾಹ್ನ ಬಂದ ಮೇಲೆ ಹಾಗೇ ಬಿಡಿ. ಸಂಜೆ ಹಚ್ಚಿ. ನಿಮ್ಮ ಚಾರ್ಜರ್ 2 ಆಂಪಿಯರ್ ಇದ್ದರೆ ಖಾಲಿ 10 ಎಎಚ್ ತುಂಬಲು ಐದು ತಾಸಿಗಿಂತ ಸ್ವಲ್ಪ ಜಾಸ್ತಿ, ಮಲಗುವ ಮೊದಲೇ ಆಗಿಹೋಗುತ್ತದೆ. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಆಗುತ್ತಿರಬಾರದು. ತುಂಬಿದಾಗ ಮೀಟರ್‌ನಲ್ಲಿ 42 ವೋಲ್ಟ್ ಬರಬೇಕು.

ಡಿಸ್ಪ್ಲೇ: ಎಸ್866 ಹಿಂದಕ್ಕೆ ಕೊಡಿ. ನಿಮಗೆ ಬೇಕಾದ್ದು ಕೆಟಿ ಎಲ್‌ಸಿಡಿ ಸಾಲಿನದು, ಎಲ್‌ಸಿಡಿ3, ಎಲ್‌ಸಿಡಿ4, ಎಲ್‌ಸಿಡಿ8 ಹೀಗೆ ಬರುತ್ತವೆ. ಕೊಳ್ಳುವಾಗ ಕಂಟ್ರೋಲರ್ ಚೀಟಿಯ ಫೋಟೋ ತೋರಿಸಿ. ಕಂಟ್ರೋಲರ್ ಬದಲಿಸಬೇಡಿ. ಬದಲಿಸಿದರೆ ಮೋಟಾರಿನ ಹಾಲ್ ಸೆನ್ಸರ್, ಪೆಡಲ್ ಸೆನ್ಸರ್, ಬ್ರೇಕ್ ಕಟಾಫ್ ಎಲ್ಲ ಮತ್ತೆ ಹೊಂದಿಸುತ್ತ ಕೂರಬೇಕು. ಸುಮ್ನೆ ಖರ್ಚು.

ಎಂಜಿನಿಯರಿಂಗ್ ಹುಡುಗ:

ಅಕ್ಕಾ, ನಾನೂ ಕಲಬುರಗಿಯಲ್ಲೇ ಓದುತ್ತಿದ್ದೇನೆ. ಎರಡು ಮಾತು ಸೇರಿಸುತ್ತೇನೆ.

ಕೆಟಿ ಡಿಸ್ಪ್ಲೇ ಬಂದ ಮೇಲೆ ಚಕ್ರದ ಅಳತೆ 26 ಅಂತ ಇಡಬೇಕು. ಪಿ1 ಅನ್ನುವ ನಂಬರ್ ಮೋಟಾರಿನ ಗೇರ್ ಮತ್ತು ಮ್ಯಾಗ್ನೆಟ್ ಲೆಕ್ಕದ್ದು. ಅದು ತಪ್ಪಿದ್ದರೆ ವೇಗ ತಪ್ಪು ತೋರಿಸುತ್ತದೆ, ಹೆದರಬೇಡಿ. ಫೋನಿನಲ್ಲಿ ಜಿಪಿಎಸ್ ಸ್ಪೀಡೋಮೀಟರ್ ಹಾಕಿಕೊಂಡು ರಿಂಗ್ ರೋಡ್ ಹತ್ತಿರ ಖಾಲಿ ಜಾಗದಲ್ಲಿ ಒಂದೇ ವೇಗದಲ್ಲಿ ಹೋಗಿ, ಎರಡೂ ಹೊಂದುವವರೆಗೆ ಪಿ1 ಬದಲಿಸಿ. ವೇಗದ ಮಿತಿ 25ಕ್ಕೇ ಇರಲಿ. 250 ವ್ಯಾಟ್ ದಾಟದ, 25 ಕಿಲೋಮೀಟರ್ ವೇಗ ದಾಟದ ಬಂಡಿಗೆ ನೋಂದಣಿ, ಲೈಸೆನ್ಸ್ ಬೇಡ. ಲಿಮಿಟ್ ತೆಗೆದರೆ ಆ ವಿನಾಯಿತಿಯೂ ಹೋಗುತ್ತದೆ.

ಎರಡನೆಯದು, ಆಪ್‌ನಲ್ಲಿ ಪಾಸ್‌ವರ್ಡ್ ಇಡುವ ಜಾಗ ಇದೆಯಾ ನೋಡಿ. ಎಷ್ಟೋ ಬಿಎಂಎಸ್‌ಗಳಿಗೆ ಪಾಸ್‌ವರ್ಡೇ ಇರುವುದಿಲ್ಲ. ಅದೇ ಆಪ್ ಇರುವ ಯಾರಾದರೂ ಹತ್ತಿರ ನಿಂತು ಡಿಸ್ಚಾರ್ಜ್ ಆಫ್ ಮಾಡಬಹುದು. ನೀವು ಮೆಸ್ ಮುಂದೆ ನಿಲ್ಲಿಸಿ ಒಳಗೆ ಹೋಗುತ್ತೀರಲ್ಲ. ಬಂಡಿ ಯಾಕೆ ನಿಂತಿತು ಅಂತ ಗೊತ್ತೇ ಆಗುವುದಿಲ್ಲ.

ರೊಟ್ಟಿಮನೆ ಕಲಬುರಗಿ:

ಪಾಸ್‌ವರ್ಡ್ ಹಾಕಿದೆ ತಮ್ಮಾ, ಜಾಗ ಇತ್ತು. ಬ್ಯಾಟರಿ ಈಗ ಪಡಸಾಲೆಗೆ ಬಂದಿದೆ. ಸಂಜೆ ಹಚ್ಚಿದಾಗ 36 ಡಿಗ್ರಿ ಇತ್ತು, ಎಲ್ಲೂ ನಿಲ್ಲದೆ ತುಂಬಿತು. ಅಂಗಡಿಯವರು ಡಿಸ್ಪ್ಲೇ ಹಿಂದಕ್ಕೆ ತಗೊಂಡರು, ಕೆಟಿ ಎಲ್‌ಸಿಡಿ4 ತರಿಸಿಕೊಟ್ಟರು. ಹಾಕಿದ ಕೂಡಲೇ ಮೋಟಾರ್ ತಿರುಗಿತು. ಕಂಟ್ರೋಲರ್‌ಗೆ ಏನೂ ಆಗಿರಲಿಲ್ಲ. ಆ ದುಡ್ಡು ಉಳಿದದ್ದು ನನಗೆ ದೊಡ್ಡ ಮಾತು.

ಇನ್ನೊಂದು ಸಣ್ಣ ಸಂಶಯ. ಆಪ್‌ನಲ್ಲಿ 60 ಪರ್ಸೆಂಟ್ ಇರುವಾಗ ಡಿಸ್ಪ್ಲೇ ಮೇಲೆ ಒಂದೇ ಗೀಟು ಉಳಿಯುತ್ತದೆ. ಅದೂ ರೈಲ್ವೆ ಮೇಲ್ಸೇತುವೆ ಹತ್ತುವಾಗ. ಕೆಳಗೆ ಇಳಿದರೆ ಮತ್ತೆ ಗೀಟು ಏರುತ್ತವೆ. ಯಾವುದನ್ನು ನಂಬಲಿ?

ಬೀದರ್ ವೈಂಡಿಂಗ್:

ಡಿಸ್ಪ್ಲೇಗೆ ಬ್ಯಾಟರಿ ಒಳಗಿನ ಬಿಎಂಎಸ್ ಜೊತೆ ಸಂಬಂಧವೇ ಇಲ್ಲ. ಅದು ವೋಲ್ಟ್ ಮಾತ್ರ ನೋಡಿ ಗೀಟು ಹಾಕುತ್ತದೆ. ಏರು ಹತ್ತುವಾಗ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟ್ ಕುಸಿಯುತ್ತದೆ, ಗೀಟು ಬೀಳುತ್ತದೆ. ಬಿಎಂಎಸ್ ಒಳಗೆ ಹೋದ, ಹೊರಗೆ ಬಂದ ಕರೆಂಟಿನ ಲೆಕ್ಕ ಇಡುತ್ತದೆ. ಹಾಗಾಗಿ ದಿನದ ಓಟಕ್ಕೆ ಆಪ್ ನಂಬಿ. ಆದರೆ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಆ ಲೆಕ್ಕವೂ ಮೆಲ್ಲಗೆ ತಪ್ಪುತ್ತದೆ. ಆಗಾಗ ಪೂರ್ತಿ ತುಂಬಿಸಿ, ಹಸಿರು ದೀಪ ಬಂದ ಮೇಲೂ ಸ್ವಲ್ಪ ಹೊತ್ತು ಬಿಡಿ. ಸೆಲ್‌ಗಳೂ ಸಮ ಆಗುತ್ತವೆ, ಲೆಕ್ಕವೂ ಸರಿಹೋಗುತ್ತದೆ. ಆಪ್‌ನಲ್ಲಿ ಹತ್ತು ಸೆಲ್ ಸಾಲಿನ ವೋಲ್ಟ್ ಬೇರೆ ಬೇರೆ ಕಾಣುತ್ತದೆ. ತುಂಬಿದಾಗ ಒಂದು ಮಾತ್ರ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.

ಹೊಸ ಡಿಸ್ಪ್ಲೇಯ ಕನೆಕ್ಟರ್ ಮೇಲೆ ಬಾಣದ ಗುರುತು ಇದೆ. ತೆಗೆದು ಹಾಕುವಾಗ ಎರಡೂ ಬಾಣ ಎದುರುಬದುರು ಹಿಡಿದು ನೇರ ಒತ್ತಿ, ತಿರುಚಬೇಡಿ. ಒಳಗಿನ ಪಿನ್ ಬಾಗಿದರೆ ಮತ್ತೆ ಅದೇ ತರಹದ ಎರರ್ ಬರುತ್ತದೆ. ಮಳೆ ಶುರುವಾಗುವ ಮೊದಲು ಡಿಸ್ಪ್ಲೇ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ.