ನಾಲ್ಕೂವರೆ ತಿಂಗಳ ಮಗುವಿನ ತೂಕ ಏರ್ತಿಲ್ಲ, ತಜ್ಞರ ಹತ್ರ ಹೋಗೋ ಮುಂಚೆ ಏನು ಮಾಡ್ಕೋಬೇಕು?

ತೊಟ್ಟಿಲು:
ಹೆಣ್ಣು ಮಗು, ದಿನ ತುಂಬಿ ಹುಟ್ಟಿದ್ದು. ಹುಟ್ಟಿದಾಗ 3.1 ಕೆಜಿ, ಎರಡು ತಿಂಗಳಿಗೆ 4.6, ಮೂರಕ್ಕೆ 5.1, ಈಗ 5.4. ಬರೀ ಎದೆಹಾಲು. ನಗುತ್ತೆ, ಆಡುತ್ತೆ, ವಾಂತಿ-ಭೇದಿ ಇಲ್ಲ, ರಾತ್ರಿ ಪೂರ್ತಿ ಮಲಗುತ್ತೆ. ಮಕ್ಕಳ ಡಾಕ್ಟರು ಮಕ್ಕಳ ಹೊಟ್ಟೆ-ಕರುಳಿನ ತಜ್ಞರಿಗೆ ಚೀಟಿ ಕೊಟ್ಟಿದ್ದಾರೆ, ಹೋಗೋಕೆ ಇನ್ನೂ ಹತ್ತು ದಿನ ಇದೆ. ಅಷ್ಟರಲ್ಲಿ ಎಲ್ಲ ರಕ್ತಪರೀಕ್ಷೆ ಮಾಡಿಸಿಟ್ಕೊಂಡ್ರೆ ಒಳ್ಳೇದಾ? ಈಗಲೇ ಊಟ ಶುರು ಮಾಡಬಹುದಾ?

ಅಳತೆಗೋಲು:
ಮೊದಲು ಲೆಕ್ಕ ನೋಡಿ. ಮೊದಲ ಎರಡು ತಿಂಗಳು ದಿನಕ್ಕೆ ಸುಮಾರು 25 ಗ್ರಾಂ ಏರಿದೆ, ಸರಿಯಾಗೇ ಇದೆ. ಮೂರನೇ ತಿಂಗಳಲ್ಲಿ 16-17. ಆಮೇಲಿನ 45 ದಿನದಲ್ಲಿ ಒಟ್ಟು 300 ಗ್ರಾಂ, ಅಂದ್ರೆ ದಿನಕ್ಕೆ 7 ಗ್ರಾಂ ಕೂಡ ಇಲ್ಲ. ಮೂರರಿಂದ ಆರು ತಿಂಗಳ ಮಗು ದಿನಕ್ಕೆ 15-20 ಗ್ರಾಂ ಏರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟಿನಲ್ಲಿ 5.4 ಇನ್ನೂ ಮೈನಸ್ 2ರ ಗೆರೆಗಿಂತ (ಅದರ ಕೆಳಗೆ ಬಂದ್ರೆ ತೂಕ ಕಮ್ಮಿ ಅಂತ ಲೆಕ್ಕ) ಮೇಲೇ ಇದೆ ನಿಜ, ಆದ್ರೆ ನಡುಗೆರೆ (ಆ ವಯಸ್ಸಿನ ಮಕ್ಕಳ ನಡುವಿನ ತೂಕ) ಹತ್ತಿರ ಹುಟ್ಟಿದ ಮಗು ಆ ಗೆರೆಯ ಹತ್ತಿರಕ್ಕೆ ಇಳಿದಿದೆ. ತಜ್ಞರು ನೋಡೋದು ಈ ಇಳಿತವನ್ನೇ, ಇವತ್ತಿನ ಒಂದು ಅಂಕಿಯನ್ನಲ್ಲ.

ಹಾಗಾಗಿ ಹುಟ್ಟಿನಿಂದ ಇವತ್ತಿನವರೆಗೆ ಅಳೆದ ಎಲ್ಲ ತೂಕ, ಉದ್ದ, ತಲೆ ಸುತ್ತಳತೆ ತಾರೀಖಿನ ಸಮೇತ ಒಯ್ಯಿರಿ. ಮೊದಲು ತೂಕ ಕುಸಿದು ಉದ್ದ, ತಲೆ ತಮ್ಮ ಗೆರೆಯಲ್ಲೇ ಇದ್ರೆ ಬಹುತೇಕ ಹಾಲು ಸಾಲ್ತಿಲ್ಲ ಅಂತ, ಅಥವಾ ಕುಡಿದಿದ್ದು ಮೈಗೆ ಹತ್ತುತ್ತಿಲ್ಲ. ಉದ್ದವೂ ಜೊತೆಜೊತೆಗೇ ಕುಸಿದಿದ್ರೆ ಹಾರ್ಮೋನು, ವಂಶವಾಹಿ ಕಡೆ ಯೋಚಿಸ್ತಾರೆ. ಅಪ್ಪ-ಅಮ್ಮನ ಎತ್ತರ ಕೇಳೋದೂ ಅದಕ್ಕೇ.

ತೂಕದ ಯಂತ್ರ ಬದಲಾಗಿದ್ರೆ ಅದನ್ನೂ ಬರೆಯಿರಿ. ಒಂದೇ ಯಂತ್ರ, ಬರೀ ಮೈ, ಹಾಲು ಕುಡಿಸೋ ಮುಂಚೆ. ಒದ್ದೆ ಡೈಪರ್ ಒಂದೇ 100 ಗ್ರಾಂ ಮೀರಬಹುದು. ಅಂದ್ರೆ ನಿಮ್ಮ ಮಗುವಿನ ಎರಡು ವಾರದ ಏರಿಕೆ ಅದರಲ್ಲೇ ಮುಚ್ಚಿಹೋಗುತ್ತೆ. ದಿನಾ ತೂಗಬೇಡಿ, ವಾರಕ್ಕೊಮ್ಮೆ ಸಾಕು.

ಹಾಲುಗಡಿಗೆ:
ರಾತ್ರಿ ಪೂರ್ತಿ ಮಲಗುತ್ತೆ ಅನ್ನೋ ಮಾತನ್ನ ಸುಮ್ಮನೆ ದಾಟಿ ಹೋಗಬೇಡಿ. ಎದೆಹಾಲು ಮಾತ್ರ ಕುಡಿಯೋ ಮಗುವಿಗೆ 24 ಗಂಟೆಯಲ್ಲಿ 8-12 ಸಲ ಆಗಬೇಕು. ಉದ್ದ ನಿದ್ದೆ ಶುರುವಾದ ಹೊತ್ತಿಗೇ ತೂಕ ನಿಧಾನವಾಗಿದ್ರೆ ನಾನು ಮೊದಲು ನೋಡೋದು ಅದನ್ನೇ. ಮೂರು ದಿನದ ಪಟ್ಟಿ ಮಾಡಿ: ಕುಡಿದ ಗಂಟೆ, ಯಾವ ಎದೆ, ಗುಟುಕು ನುಂಗೋ ಸದ್ದು ಎಷ್ಟು ನಿಮಿಷ ಕೇಳಿಸ್ತು (ಬಾಯಲ್ಲಿಟ್ಟುಕೊಂಡು ತೂಕಡಿಸಿದ್ದು ಲೆಕ್ಕಕ್ಕಿಲ್ಲ), ಒದ್ದೆ ಡೈಪರ್ ಎಷ್ಟು, ಕಕ್ಕದ ಬಣ್ಣ.

ಭೇಟಿಗೆ ಹೊಟ್ಟೆ ತುಂಬಿಸಿ ಕರ್ಕೊಂಡು ಹೋಗ್ಬೇಡಿ. ಅಲ್ಲೇ ಕುಡಿಸೋ ಹಾಗೆ ಸಮಯ ಹೊಂದಿಸಿ, ಅವರು ಕಣ್ಣಾರೆ ನೋಡಲಿ. ನಾಲಿಗೆ ಕೆಳಗೆ ಅಂಟಿಕೊಂಡಿದೆಯಾ, ಬಾಯಿ ತೊಟ್ಟನ್ನಷ್ಟೇ ಹಿಡೀತಿದೆಯಾ ಅಂತ ಗೊತ್ತಾಗೋದು ಆಗಲೇ. 150 ಮಿಲಿ ಪ್ರತಿ ಕೆಜಿಗೆ ಅಂತ ಹಿಡಿದ್ರೆ ನಿಮ್ಮ ಮಗುವಿಗೆ ದಿನಕ್ಕೆ ಸುಮಾರು 800 ಮಿಲಿ, ಎಂಟು ಸಲಕ್ಕೆ ಹಂಚಿದ್ರೆ ಸಲಕ್ಕೆ 100.

ಊಟ ಈಗ ಬೇಡ. ತೆಳ್ಳಗಿನ ಮೊದಲ ಊಟದಲ್ಲಿ ಹಾಲಿನಷ್ಟು ಕ್ಯಾಲೊರಿ ಇರಲ್ಲ, ಪುಟ್ಟ ಹೊಟ್ಟೆಯಲ್ಲಿ ಜಾಗ ಮಾತ್ರ ಹಿಡಿಯುತ್ತೆ. ನೀರಂತೂ ಆರು ತಿಂಗಳ ತನಕ ಬೇಡವೇ ಬೇಡ.

ಬಿಳಿಕೋಟು:
ರಕ್ತಪರೀಕ್ಷೆ ನೀವಾಗಿ ಮಾಡಿಸಬೇಡಿ. ಕುಡಿಯೋ ರೀತಿ ನೋಡಿ, ಮೈ ಪರೀಕ್ಷೆ ಮಾಡಿದ ಮೇಲೆ ಬೇಕಿದ್ರೆ ಅವರೇ ಬರೀತಾರೆ: ರಕ್ತದ ಎಣಿಕೆ, ಮೂತ್ರಪರೀಕ್ಷೆ ಮತ್ತು ಕಲ್ಚರ್ (ಸೋಂಕಿನ ರೋಗಾಣು ಬೆಳೆಸಿ ನೋಡೋದು), ಸೋಡಿಯಂ-ಪೊಟ್ಯಾಸಿಯಂ-ಬೈಕಾರ್ಬೊನೇಟ್ (ರಕ್ತದ ಲವಣಗಳು), ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯೋಕೆ), ಥೈರಾಯ್ಡ್. ಮೂತ್ರದ ಸೋಂಕು ಜ್ವರವೇ ಇಲ್ಲದೆ ತೂಕ ತಡೆಯಬಲ್ಲದು, ಅದಕ್ಕೇ ಅದು ಪಟ್ಟಿಯಲ್ಲಿ ಇರುತ್ತೆ. ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನಿನಿಂದ ಕರುಳು ಕೆಡೋ ಕಾಯಿಲೆ) ಪರೀಕ್ಷೆ ಈಗ ಮಾಡಿಸಿದ್ರೆ ದಂಡ. ಗ್ಲುಟೆನ್ ಇನ್ನೂ ಹೊಟ್ಟೆಗೇ ಹೋಗಿಲ್ಲವಲ್ಲ. ತಾಯಿಯಾದವರು ತಮ್ಮ ಊಟದಲ್ಲಿ ಹಸುವಿನ ಹಾಲು, ಮೊಸರಿನಂಥದ್ದನ್ನ ಬಿಡೋದನ್ನೂ ಭೇಟಿಗೆ ಮುಂಚೆ ಶುರು ಮಾಡಬೇಡಿ, ಮಗುವಿಗೆ ಹಸುವಿನ ಹಾಲಿನ ಅಲರ್ಜಿ ಇದೆಯೋ ಇಲ್ಲವೋ ಆಮೇಲೆ ಹೇಳೋದು ಕಷ್ಟ.

ಕುಡಿಯುವಾಗ ಬೆವರು ಅಥವಾ ಏದುಸಿರು, ತುಟಿ ನೀಲಿಯಾಗೋದು, ಹಸಿರು ವಾಂತಿ, ಬಿಳಿಚಿದ ಕಕ್ಕ, ಎಬ್ಬಿಸಿದ್ರೂ ಕುಡಿಯದಷ್ಟು ಮಂಕು: ಇದರಲ್ಲಿ ಒಂದು ಕಂಡ್ರೂ ಹತ್ತು ದಿನ ಕಾಯೋ ಹಾಗಿಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.

ತೊಟ್ಟಿಲು:
ಅದ್ಯಾವುದೂ ಇಲ್ಲ. ಪಟ್ಟಿ ಬರೆದು ನೋಡಿದೆ, ದಿನಕ್ಕೆ 6 ಸಲವಷ್ಟೇ ಕುಡೀತಿದೆ. ಒದ್ದೆ ಡೈಪರ್ ನಾಲ್ಕು.

ಹಾಲುಗಡಿಗೆ:
ಕಮ್ಮಿ ಆಯ್ತು, ಆರು ಡೈಪರ್ ಆದ್ರೂ ಒದ್ದೆ ಆಗ್ಬೇಕು. ನಾಳೆಯೇ ನಿಮ್ಮ ಮಕ್ಕಳ ಡಾಕ್ಟರಿಗೆ ಈ ಎರಡು ಅಂಕಿ ಹೇಳಿ. ಹಗಲು ಎರಡೂವರೆ ಗಂಟೆ ಮೀರಲು ಬಿಡಬೇಡಿ, ರಾತ್ರಿ ಎರಡು ಸಲ ಎಬ್ಬಿಸಿ ಕುಡಿಸಿ. ಪ್ರತಿ ಸಲ ಎರಡೂ ಎದೆ ಕೊಡಿ, ನುಂಗೋದು ನಿಂತಾಗ ಎದೆಯನ್ನ ಮೆಲ್ಲಗೆ ಒತ್ತಿ. ಆಮೇಲೆ ಹಿಂಡಿದ ಎದೆಹಾಲು 30 ಮಿಲಿ ಚಮಚದಲ್ಲಿ ಕೊಟ್ಟು ನೋಡಿ. ಡಾಕ್ಟರು ಪುಡಿ ಹಾಲು ಸೇರಿಸಿ ಅಂದ್ರೆ ಡಬ್ಬಿಯ ಚಮಚವನ್ನೇ ಬಳಸಿ, ಮೊದಲು ನೀರು ಅಳೆದು ಆಮೇಲೆ ಪುಡಿ ಹಾಕಿ. ಬೇಗ ತೂಕ ಬರಲಿ ಅಂತ ಗಟ್ಟಿ ಕಲಸಿದ್ರೆ ರಕ್ತದಲ್ಲಿ ಸೋಡಿಯಂ ಏರುತ್ತೆ. ಒಂದು ವಾರ ಬಿಟ್ಟು ಅದೇ ಯಂತ್ರದಲ್ಲಿ ತೂಗಿ. ಆ ಅಂಕಿಯನ್ನೂ ತಜ್ಞರಿಗೆ ತೋರಿಸಿ, ಏರಿದ್ರೂ ಭೇಟಿ ರದ್ದು ಮಾಡಬೇಡಿ.