8 ಅಡಿ ಹಲಸಿನ ಊಟದ ಮೇಜು: ಮೇಲಿನ ಹಾಸನ್ನು ಬಿಗಿಯಬೇಕೋ, ಬಿಡಬೇಕೋ?

ತೀರ್ಥಹಳ್ಳಿ ತೋಟ:
ಮನೆ ಹಿಂದಿನ ಹಲಸಿನ ಮರ ಗಾಳಿಗೆ ಬಿದ್ದಿತ್ತು. ಸಾಮಿಲ್‌ನಲ್ಲಿ 2 ಇಂಚಿನ ಹಲಗೆ ಸೀಳಿಸಿ, ನಡುವೆ ಗಾಳಿಯಾಡಲು ರಿಪೀಸು ಪಟ್ಟಿ ಇಟ್ಟು ಕೊಟ್ಟಿಗೆಯಲ್ಲಿ ಪೇರಿಸಿದ್ದೆವು. ಈಗ ಒಣಗಿದೆ. ಬೆಂಗಳೂರಿನ ತಂಗಿ ಮನೆಗೆ 8 ಅಡಿ ಉದ್ದ, ಮೂರೂವರೆ ಅಡಿ ಅಗಲದ ಮೇಜು ಮಾಡಬೇಕು. ಕೆಲಸ ನನ್ನದು, ಊರಿನ ಬಡಗಿ ಆಚಾರ್ರು ಜೊತೆಗಿರುತ್ತಾರೆ. 6 ಇಂಚಿನ 7 ಹಲಗೆ ಅಂಟಿಸಿ ಒಂದೇ ಹಾಸು ಮಾಡುವುದು. ಇಲ್ಲಿವರೆಗೆ ಎಲ್ಲರೂ ಒಪ್ಪಿದ್ದೇವೆ. ಮುಂದಿನದ್ದೇ ಜಗಳ. ಹಾಸನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಸುತ್ತಲೂ ಸ್ಕ್ರೂ ಬಿಗಿಯಬೇಕು, ಎರಡೂ ತುದಿಗೆ ಅಡ್ಡಪಟ್ಟಿ ಅಂಟಿಸಬೇಕು ಅಂತ ಆಚಾರ್ರು. ಹಾಗೆ ಮಾಡಿದರೆ ಸೀಳುತ್ತದೆ ಅಂತ ಭಾವ. ಯಾರು ಸರಿ?

ಉಳಿ ಕೊಡತಿ:
ಭಾವ ಸರಿ. ಮರ ಉದ್ದಕ್ಕೆ ಅಲುಗಾಡುವುದು ಲೆಕ್ಕಕ್ಕೇ ಇಲ್ಲ. ಅಗಲಕ್ಕೆ ಮಾತ್ರ ಪ್ರತಿ ವರ್ಷ ಹಿಗ್ಗಿ ಕುಗ್ಗುತ್ತದೆ. ತೇಗವನ್ನೇ ತೆಗೆದುಕೊಳ್ಳಿ, ಅದು ಅಲುಗಾಟ ಕಡಿಮೆ ಇರುವ ಮರ. 42 ಇಂಚು ಅಗಲದ ಹಾಸಿನಲ್ಲಿ ತೇವಾಂಶ ಶೇ. 6ರಷ್ಟು ಏರುಪೇರಾದರೆ ಅಗಲದಲ್ಲಿ ಅರ್ಧ ಇಂಚಿನವರೆಗೂ ವ್ಯತ್ಯಾಸ ಬರಬಹುದು. ಇದು ಅಡ್ಡಸೀಳಿನ, ಅಂದರೆ ಮರದ ಉಂಗುರಗಳು ಹಲಗೆಯ ಅಗಲಕ್ಕೆ ಮಲಗಿರುವ ಹಲಗೆಯ ಲೆಕ್ಕ. ಉಂಗುರಗಳು ನೆಟ್ಟಗೆ ನಿಂತು ನೇರ ಎಳೆ ಬರುವ ಹಾಗೆ ಸೀಳಿದ್ದರೆ ಇದರ ಅರ್ಧಕ್ಕೆ ಹತ್ತಿರ. ತುದಿಗೆ ಹಾಕುವ ಅಡ್ಡಪಟ್ಟಿಯ ಎಳೆ ಹಾಸಿನ ಅಗಲದ ಗುಂಟ ಹೋಗುತ್ತದೆ. ಅಂದರೆ ಪಟ್ಟಿ ಅಲ್ಲೇ ಇರುತ್ತದೆ, ಹಾಸು ಕುಗ್ಗಲು ಎಳೆಯುತ್ತದೆ. ಅಂಟು ಬಿಡುವುದಿಲ್ಲ, ಮರವೇ ಬಿಡುತ್ತದೆ.

ಹಳೇಮನೆ ರಾಯರು:
ಇದೆಲ್ಲ ವಿಡಿಯೋ ನೋಡಿ ಹುಟ್ಟಿದ ಭಯ. ನಮ್ಮ ಅಜ್ಜನ ಕಾಲದ ಮೇಜು ಇನ್ನೂ ಮನೆಯಲ್ಲಿದೆ. ಮೇಲಿಂದ ಮೊಳೆ ಹೊಡೆದದ್ದು. ಅರ್ಧ ಇಂಚೂ ಇಲ್ಲ, ಕಾಲು ಇಂಚೂ ಇಲ್ಲ. ಆಚಾರ್ರು ಕೈಯಲ್ಲಿ ಎಷ್ಟು ಮೇಜು ಎದ್ದಿರುತ್ತದೆ, ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾ?

ಉಳಿ ಕೊಡತಿ:
ರಾಯರೇ, ಒಂದು ಕೆಲಸ ಮಾಡಿ. ಆ ಮೇಜಿನ ಹಲಗೆಗಳ ನಡುವೆ ಸಂದು ಇದೆಯಾ ನೋಡಿ ಹೇಳಿ.

ಹಳೇಮನೆ ರಾಯರು:
ಇದೆ. ಬೇಸಿಗೆಯಲ್ಲಿ ನಾಣ್ಯ ತೂರಿಸಬಹುದು. ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಅದಕ್ಕೇನೀಗ?

ಉಳಿ ಕೊಡತಿ:
ಉತ್ತರ ನೀವೇ ಕೊಟ್ಟಿರಿ. ಆ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿಲ್ಲ. ಪ್ರತಿ ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ, ಆ ವ್ಯತ್ಯಾಸವನ್ನು ಸಂದು ನುಂಗುತ್ತದೆ. ಹಳೆಯ ಕೆಲಸಕ್ಕೆ ಮೊಳೆ ಸಾಕಿತ್ತು. ಈಗಿನ ಬಿಳಿ ಅಂಟು ಸರಿಯಾಗಿ ಕೂತರೆ ಮರಕ್ಕಿಂತ ಗಟ್ಟಿ. 7 ಹಲಗೆ ಸೇರಿ 42 ಇಂಚಿನ ಒಂದೇ ಹಲಗೆ ಆಗುತ್ತದೆ. ಏಳು ಕಡೆ ಹಂಚಿಹೋಗುತ್ತಿದ್ದ ಅಲುಗಾಟ ಈಗ ಒಟ್ಟಾಗಿ ಅಂಚಿಗೆ ಬರುತ್ತದೆ. ಅಂಟು ಹೊಸದು, ಬಿಗಿಯುವ ಪದ್ಧತಿ ಹಳೆಯದು. ತಕರಾರು ಅಲ್ಲಿದೆ, ಆಚಾರ್ರ ಕೈಯಲ್ಲಿ ಅಲ್ಲ.

ಧಾರವಾಡದ ಅಕ್ಕ:
ಹಾಗಾದರೆ ಅಂಟೇ ಬೇಡ ಅನ್ನಬಹುದಲ್ರೀ. ಸಂದು ಬಿಟ್ಟು ಹಲಗೆ ಜೋಡಿಸಿ.

ತೀರ್ಥಹಳ್ಳಿ ತೋಟ:
ಊಟದ ಮೇಜು ಅಕ್ಕಾ! ಸಂದಿನೊಳಗೆ ಸಾರು, ಅನ್ನದ ಅಗುಳು, ಆಮೇಲೆ ಇರುವೆ. ತಂಗಿ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಧಾರವಾಡದ ಅಕ್ಕ:
ಅದೂ ಖರೆ.

ಮಿನ್ನೆಸೋಟಾ ಕನ್ನಡಿಗ:
ಇಲ್ಲಿ ಚಳಿಗಾಲ ಪೂರ್ತಿ ಹೀಟರ್ ಓಡುತ್ತದೆ. ಮನೆಯೊಳಗಿನ ಗಾಳಿ ಒಣಗಿ ಮೇಜು ಜನವರಿಯಲ್ಲಿ ಕುಗ್ಗುತ್ತದೆ, ಬೇಸಿಗೆಯಲ್ಲಿ ಹಿಗ್ಗುತ್ತದೆ. ನಿಮ್ಮಲ್ಲಿ ಮಾರ್ಚ್‌ಗೆ ಕುಗ್ಗಿ ಜುಲೈಗೆ ಹಿಗ್ಗುತ್ತದೆ, ಅಷ್ಟೇ ವ್ಯತ್ಯಾಸ. ಇಲ್ಲಿನವರು ತುದಿಪಟ್ಟಿಯನ್ನು ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ಅಂಟಿಸುವುದೂ ಇಲ್ಲ. ಹಾಸಿನ ತುದಿಯಲ್ಲಿ ತೆಳು ನಾಲಿಗೆ ಬಿಟ್ಟು ಪಟ್ಟಿಯ ಗಾಡಿಯೊಳಗೆ (ಉದ್ದಕ್ಕೆ ಕೊರೆದ ತೋಡಿನೊಳಗೆ) ಕೂರಿಸುತ್ತಾರೆ. ನಡುಭಾಗಕ್ಕೆ ಮಾತ್ರ ಅಂಟು. ಎರಡು ಬದಿಗೆ ಮರದ ಗೂಟ, ಆದರೆ ನಾಲಿಗೆಯಲ್ಲಿ ಕೊರೆದ ತೂತು ಉದ್ದ. ಗೂಟ ಅಲ್ಲೇ ಇರುತ್ತದೆ, ಹಾಸು ಜಾರುತ್ತದೆ.

ಸಾಗರದ ಬಡಗಿ:
ಮಾಡಬಹುದು. ಆದರೆ ವರ್ಷದ ಅರ್ಧ ಕಾಲ ಪಟ್ಟಿಯ ಮೂಲೆ ಹಾಸಿಗಿಂತ ಹೊರಗೆ, ಇನ್ನರ್ಧ ಕಾಲ ಒಳಗೆ. ಗಿರಾಕಿ ಬೆರಳಾಡಿಸಿ ನೋಡಿ ‘ಕೆಲಸ ನೀಟಾಗಿಲ್ಲ’ ಅನ್ನುತ್ತಾರೆ. ನಾನು ತುದಿಪಟ್ಟಿ ಹಾಕುವುದೇ ಇಲ್ಲ. ಹಾಸಿನ ಅಡಿಗೆ ಎರಡು ಅಡ್ಡ ತೊಲೆ ಕೊಡುತ್ತೇನೆ. ನಡುವಿನ ಸ್ಕ್ರೂಗೆ ಗುಂಡು ತೂತು, ಉಳಿದವಕ್ಕೆ ಅಡ್ಡಕ್ಕೆ ಉದ್ದದ ತೂತು, ವಾಷರ್ ಹಾಕಿ ಬಿಗಿ. ಬಾಗುವುದನ್ನು ತಡೆಯುತ್ತದೆ, ಹಿಗ್ಗುವುದನ್ನು ತಡೆಯುವುದಿಲ್ಲ. ಚೌಕಟ್ಟಿಗೂ ಹಾಗೆಯೇ, ಒಳಬದಿಯಲ್ಲಿ ಗಾಡಿ ಹೊಡೆದು ಮರದ ಗುಬ್ಬಿ (ತೋಡಿಗೆ ಸಿಕ್ಕಿಕೊಳ್ಳುವ ಚಿಕ್ಕ ತುಂಡು) ಸಿಕ್ಕಿಸಿ, ಗುಬ್ಬಿಯನ್ನು ಹಾಸಿಗೆ ಸ್ಕ್ರೂ ಮಾಡಿ. ಅಂಟು ಕಾಲು ಮತ್ತು ಚೌಕಟ್ಟಿನ ಕೀಲಿಗೆ ಮಾತ್ರ.

ಇನ್ನೊಂದು. ಹಲಗೆಯ ಹೊರಗಿನ ಬಿಳಿ ಭಾಗವನ್ನು ಕಿತ್ತು ಹಾಕಿ. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಗೆದ್ದಲಿಗೂ ಜಗ್ಗುವುದಿಲ್ಲ, ಬಿಳಿ ಭಾಗಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ. ಎಲ್ಲದಕ್ಕಿಂತ ಮೊದಲು ಹಲಗೆಗಳನ್ನು ಬೆಂಗಳೂರಿನ ಆ ಮನೆಯೊಳಗೇ ಕೆಲವು ವಾರ ಪೇರಿಸಿಡಿ. ಕೊಟ್ಟಿಗೆಯಲ್ಲಿ ಒಣಗಿದ್ದು ಬೇರೆ, ಮನೆಯೊಳಗೆ ಒಣಗುವುದು ಬೇರೆ. ಮಾಯಿಶ್ಚರ್ ಮೀಟರ್‌ನಲ್ಲಿ ಸಂಖ್ಯೆ ಇಳಿಯುವುದು ನಿಂತ ಮೇಲೆ ಹತ್ತರಿ ಹಿಡಿದು ಹೆರೆಯಿರಿ.

ಹಳೇಮನೆ ರಾಯರು:
ಗುಬ್ಬಿ ಪದ್ಧತಿ ಒಪ್ಪಿದೆ. ಪಾಲಿಶ್ ಮಾತ್ರ ಅರಗಿನ ಫ್ರೆಂಚ್ ಪಾಲಿಶ್ ಆಗಲಿ. ಹಲಸಿನ ಅರಿಶಿನ ಬಣ್ಣಕ್ಕೆ ಅದೇ ಚಂದ.

ಧಾರವಾಡದ ಅಕ್ಕ:
ರಾಯರ ಮಾತು ಕೇಳಬ್ಯಾಡ್ರಿ. ಅರಗಿನ ಪಾಲಿಶ್ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಎದ್ದು ಕಾಣುತ್ತದೆ. ಅದು ಬೀರುವಿಗೆ ಸರಿ. ಅರಿಶಿನ ಬಣ್ಣವೂ ವರ್ಷ ಕಳೆದಂತೆ ಕಂದು ಆಗುವುದೇ.

ಉಳಿ ಕೊಡತಿ:
ಪಿಯು (ಪಾಲಿಯುರೆಥೇನ್ ಲೇಪ) ಅಥವಾ ಅಗಸೆ ಎಣ್ಣೆ. ಪಿಯು ಕಲೆ ತಡೆಯುತ್ತದೆ, ಗೀರು ಬಿದ್ದರೆ ಪೂರ್ತಿ ಉಜ್ಜಬೇಕು. ಎಣ್ಣೆ ಹಾಕಿದರೆ ಬೇಕಾದ ಜಾಗಕ್ಕೆ ಮತ್ತೆ ಒರೆಸಿದರೆ ಸಾಕು. ಯಾವುದೇ ಹಾಕಿ, ಹಾಸಿನ ಅಡಿಭಾಗಕ್ಕೂ ಅಷ್ಟೇ ಸಲ ಬಳಿಯಿರಿ. ಮೇಲೆ ಮಾತ್ರ ಬಳಿದರೆ ಎರಡು ಬದಿ ಬೇರೆ ಬೇರೆ ವೇಗದಲ್ಲಿ ತೇವ ಎಳೆದುಕೊಂಡು ಹಾಸು ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ.

ತೀರ್ಥಹಳ್ಳಿ ತೋಟ:
ಆಚಾರ್ರಿಗೆ ಸಂದಿನ ವಿಷಯ ಓದಿ ಹೇಳಿದೆ. ‘ಹೌದು, ಬಾಗಿಲಿನ ಹಲಗೆಗೆ ನಾವೂ ಗಾಡಿಯಲ್ಲಿ ಸಡಿಲ ಬಿಡುತ್ತೇವೆ, ಮೇಜಿಗೆ ಯಾಕೆ ಹೊಳೆಯಲಿಲ್ಲ’ ಅಂದರು. ಗುಬ್ಬಿಗೆ ಒಪ್ಪಿದ್ದಾರೆ. ತುದಿಪಟ್ಟಿ ಬೇಕೇ ಬೇಕು ಅಂತ ಇನ್ನೂ ಹಟ. ಮಿನ್ನೆಸೋಟಾ ಅಣ್ಣ ಹೇಳಿದ ಉದ್ದ ತೂತಿನದ್ದನ್ನು ಮೊದಲು ಚಿಕ್ಕ ತುಂಡಿನಲ್ಲಿ ಮಾಡಿ ನೋಡುತ್ತೇವೆ.

ಸಾಗರದ ಬಡಗಿ:
ತಂಗಿ ಮನೆ ಎಷ್ಟನೇ ಮಹಡಿ? ಒಂದೂವರೆ ಇಂಚು ದಪ್ಪಕ್ಕೆ ಹತ್ತರಿ ಹಿಡಿದ ಮೇಲೂ ಹಾಸೊಂದೇ 60 ಕೆಜಿ ಆಸುಪಾಸು ಇರುತ್ತದೆ. 8 ಅಡಿಯದ್ದು ಲಿಫ್ಟ್‌ನಲ್ಲಿ ಹಿಡಿಯುವುದು ಕಷ್ಟ. ಮೆಟ್ಟಿಲ ತಿರುವು ಅಳೆದುಕೊಂಡು ಬಂದು ಆಮೇಲೆ ಅಂಟು ಹಚ್ಚಿ.