ಸಹಾಯ ಬೇಕು: ಹಳೇ ಜೋಡುನಳಿಗೆ ಕೋವಿಗೆ ಯಾವ ತೋಟಾ?

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಅಜ್ಜನ ಕಾಲದ 12 ಬೋರಿನ ಜೋಡುನಳಿಗೆ ಕೋವಿ ಈಗ ನನ್ನ ಹೆಸರಿಗಾಗಿದೆ, ಬೆಳೆ ರಕ್ಷಣೆ ಲೈಸೆನ್ಸು. ಶಿಕಾರಿಗಲ್ಲ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷೇಧ. ಗದ್ದೆಗೆ ನುಗ್ಗುವ ಹಂದಿಯನ್ನು ಸದ್ದು ಮಾಡಿ ಓಡಿಸಲು ಅಷ್ಟೇ.

ನಳಿಗೆ ಬಿಚ್ಚಿ ಒರೆಸುವಾಗ ಅಡಿಯಲ್ಲಿ 2½ ಇಂಚಿನ ಗುರುತು ಕಂಡಿತು, ಅಂದರೆ ತೋಟಾ ಕೂರುವ ಕೋಣೆಯ ಉದ್ದ. ಅಂಗಡಿಯಲ್ಲಿ ಸಿಗುವುದು 70 ಮಿ.ಮೀ. ತೋಟಾ, ಅಂದರೆ 2¾ ಇಂಚು. ಹಾಕಿದರೆ ಸಲೀಸಾಗಿ ಕೂರುತ್ತದೆ. ಆದರೆ ಈಡು ಹಾರಿಸಿದಾಗ ಮಡಚಿದ ಬಾಯಿ ಬಿಚ್ಚಿಕೊಂಡು ಉದ್ದವಾಗುತ್ತದೆ, ಒತ್ತಡ ಏರುತ್ತದೆ ಅಲ್ವಾ? ಅಂಗಡಿಯವರು ಏನೂ ಆಗಲ್ಲ ಅಂತಾರೆ. ಪಕ್ಕದ ತೋಟದ ಅಣ್ಣ .315 ರೈಫಲ್ ತಗೋ ಅಂತಾರೆ. ಅದರ ಗುಂಡು ಕಿಲೋಮೀಟರ್ ದಾಟುತ್ತದೆ, ಕೆಳಗೆ ಕಾರ್ಮಿಕರ ಲೈನ್ ಮನೆಗಳಿವೆ. ಬೇಡವೇ ಬೇಡ.

2½ ಇಂಚಿನ ಕೋಣೆಗೆ ಹೊಂದುವ 65 ಮಿ.ಮೀ. ತೋಟಾ ಚಿಕ್ಕಮಗಳೂರು, ಹಾಸನದ ಕಡೆ ಎಲ್ಲಿ ಸಿಗುತ್ತದೆ? ಇಲ್ಲದಿದ್ದರೆ ನಳಿಗೆ ಅಳೆದು ಖಚಿತವಾಗಿ ಹೇಳುವ, ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಯಾರಿದ್ದಾರೆ?